ಬೆಳೆಗಳ ನೆಂಟಸ್ತನ: ಬಿಸಿಲಿನ ಪ್ರೋಟೀನ್ ಹೇಳುವ ಲೆಕ್ಕ

ಮೊದಲಿಗೆ ಒಂದು ಪ್ರಶ್ನೆ. ಕಡೂರಿನ ಹೊಲದ ರಾಗಿ, ಅದೇ ಹೊಲದ ಹುರುಳಿ, ತರೀಕೆರೆ ತೋಟದ ಅಡಿಕೆ, ಅಜ್ಜಂಪುರದ ಈರುಳ್ಳಿ, ಮಂಡಿಯಲ್ಲಿ ಈರುಳ್ಳಿ ಚೀಲದ ಪಕ್ಕದಲ್ಲೇ ಕೂರುವ ಆಲೂಗಡ್ಡೆ. ಇವುಗಳಲ್ಲಿ ಈರುಳ್ಳಿಗೆ ಹತ್ತಿರದ ನೆಂಟರು ಯಾರು?

ನಮ್ಮ ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಆಲೂಗಡ್ಡೆ ಎಂದರು. ಎರಡೂ ಮಣ್ಣಿನೊಳಗೆ ಬೆಳೆಯುತ್ತವೆ, ಎರಡೂ ಒಂದೇ ಸಾರಿನಲ್ಲಿ ಬೇಯುತ್ತವೆ. ಆದರೆ ಸರಿಯಾದ ಉತ್ತರ ರಾಗಿ ಮತ್ತು ಅಡಿಕೆ. ಆಲೂಗಡ್ಡೆ ಈರುಳ್ಳಿಗೆ ಬಹಳ ದೂರದ ಸಂಬಂಧ. ಇದನ್ನು ವಿಜ್ಞಾನಿಗಳು ಹೇಗೆ ಕಂಡುಹಿಡಿಯುತ್ತಾರೆ, ಅದಕ್ಕೂ ಬಿಸಿಲಿಗೂ ಏನು ಸಂಬಂಧ, ಅದರಿಂದ ನಮ್ಮ ಊರಿನ ರೈತರಿಗೆ ಏನು ಉಪಯೋಗ ಎಂಬುದನ್ನು ಈ ಲೇಖನದಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವಳು. ಈ ವಿಷಯ ನನ್ನನ್ನು ಹಿಡಿದದ್ದು ಖಾತೆ ಪುಸ್ತಕದ ಮೂಲಕ. ನಮ್ಮ ಅಬ್ಬಾ ಈರುಳ್ಳಿ ವ್ಯಾಪಾರ ಮಾಡುತ್ತಾರೆ. ಅವರ ಲೆಕ್ಕ ಬರೆಯುವವಳು ನಾನೇ. 2023ರಲ್ಲಿ ಮಳೆ ಕೈಕೊಟ್ಟಾಗ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಅಂತಹ ವರ್ಷದಲ್ಲಿ ಜಮಾ ಕಡೆಯ ಪುಟ ಖಾಲಿ, ಬಾಕಿ ಕಡೆಯ ಪುಟ ಭರ್ತಿ. ಬಾಕಿ ಇರುವ ಹೆಸರುಗಳೆಲ್ಲ ರೈತರದು. ಮುಂದಿನ ಬೆಳೆಗೆ ಯಾವ ಬೀಜ ಹಾಕಬೇಕು ಎಂದು ಅವರು ಅಂಗಡಿ ಮುಂದೆ ಕೂತು ಮಾತಾಡುವಾಗ "ಬಿಸಿಲು ತಡೆಯುವ ತಳಿ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಿಸಿಲು ತಡೆಯುವ ಗುಣ ಗಿಡದೊಳಗೆ ಎಲ್ಲಿದೆ? ಅದನ್ನು ಒಂದು ಬೆಳೆಯಿಂದ ಇನ್ನೊಂದಕ್ಕೆ ತರಬಹುದೇ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನೆಂಟಸ್ತನದ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಬಿಸಿಲಿಗೆ ಗಿಡದೊಳಗೆ ಏನಾಗುತ್ತದೆ?

ಮೊಟ್ಟೆಯನ್ನು ಬಾಣಲೆಗೆ ಒಡೆದು ಹಾಕಿದಾಗ ನೀರಿನಂತಿದ್ದ ಬಿಳಿಭಾಗ ಗಟ್ಟಿಯಾಗಿ ಬೆಳ್ಳಗಾಗುತ್ತದೆ. ಬಿಳಿಭಾಗದಲ್ಲಿರುವುದು ಹೆಚ್ಚಾಗಿ ನೀರು ಮತ್ತು ಪ್ರೋಟೀನ್. ಪ್ರೋಟೀನ್ ಎಂದರೆ ಒಂದು ಉದ್ದ ಸರ. ಅದು ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚಿಹೋಗುತ್ತದೆ. ಬಿಚ್ಚಿದ ಸರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಂಟಾಗುತ್ತವೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ.

ಎಲೆಯೊಳಗೂ ಇದೇ ಅಪಾಯ ಇದೆ. ಮನುಷ್ಯರು ನೆರಳಿಗೆ ಹೋಗಬಹುದು, ದನಕರು ಮರದಡಿಗೆ ಹೋಗಬಹುದು. ಗಿಡ ನಿಂತಲ್ಲೇ ನಿಲ್ಲಬೇಕು. ಆದ್ದರಿಂದ ಬಿಸಿ ಏರಿದ ಕೂಡಲೇ ಗಿಡ ತನ್ನ ದಿನನಿತ್ಯದ ಕೆಲಸಗಳನ್ನು ಕಡಿಮೆ ಮಾಡಿ ಕೆಲವು ವಿಶೇಷ ಪ್ರೋಟೀನ್‌ಗಳನ್ನು ರಾಶಿಯಾಗಿ ತಯಾರಿಸುತ್ತದೆ. ಇವುಗಳಿಗೆ ಉಷ್ಣಾಘಾತ ಪ್ರೋಟೀನ್ ಎಂದು ಹೆಸರು. ಚಿಕ್ಕದಾಗಿ ಎಚ್‌ಎಸ್‌ಪಿ ಎನ್ನುತ್ತಾರೆ. ಸಂತೆಯ ನೂಕುನುಗ್ಗಲಿನಲ್ಲಿ ದೊಡ್ಡವರು ಮಗುವಿನ ಕೈ ಹಿಡಿದುಕೊಳ್ಳುವಂತೆ ಇವು ಬಿಚ್ಚಿದ ಪ್ರೋಟೀನ್‌ಗಳನ್ನು ಹಿಡಿದುಕೊಂಡು ಗಂಟಾಗದಂತೆ ತಡೆಯುತ್ತವೆ. ಬಿಸಿ ಇಳಿದ ಮೇಲೆ ಅವು ಮತ್ತೆ ಸರಿಯಾಗಿ ಮಡಚಿಕೊಳ್ಳಲು ಸಹಾಯ ಮಾಡುತ್ತವೆ.

ಇವುಗಳಿಗೆ ಹೆಸರಿಟ್ಟಿರುವುದು ತೂಕದ ಲೆಕ್ಕದಲ್ಲಿ. ಎಚ್‌ಎಸ್‌ಪಿ 70 ಎಂದರೆ ಸುಮಾರು 70 ಕಿಲೋಡಾಲ್ಟನ್ ತೂಕದ ಪ್ರೋಟೀನ್. ಹಾಗೆಯೇ 60, 90, 100 ಇವೆ. ಇವಲ್ಲದೆ ಸುಮಾರು 15ರಿಂದ 40ರ ಒಳಗಿನ ಚಿಕ್ಕ ಎಚ್‌ಎಸ್‌ಪಿಗಳ ಒಂದು ದೊಡ್ಡ ಗುಂಪೇ ಇದೆ. ಗಿಡಗಳಲ್ಲಿ ಈ ಚಿಕ್ಕವರ ಸಂಖ್ಯೆ ಹೆಚ್ಚು. ಓಡಿಹೋಗಲಾರದವರಿಗೆ ಕಾವಲುಗಾರರು ಹೆಚ್ಚು ಬೇಕು ತಾನೇ?

ಇವು ಪತ್ತೆಯಾದದ್ದು ಗಿಡದಲ್ಲಿ ಅಲ್ಲ, ಹಣ್ಣಿನ ನೊಣದಲ್ಲಿ. ಇಟಲಿಯ ಫೆರುಚಿಯೋ ರಿತೋಸ್ಸಾ ಎಂಬ ವಿಜ್ಞಾನಿ ನೊಣದ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಒಮ್ಮೆ ಲ್ಯಾಬಿನಲ್ಲಿ ಯಾರೋ ನೊಣಗಳ ಪೆಟ್ಟಿಗೆಯ ಉಷ್ಣತೆಯನ್ನು ಹೆಚ್ಚಿಸಿಬಿಟ್ಟಿದ್ದರು. ವರ್ಣತಂತುಗಳ ಕೆಲವು ಜಾಗಗಳು ಉಬ್ಬಿಕೊಂಡಿದ್ದವು. ಅಂದರೆ ಬಿಸಿಗೆ ಕೆಲವು ಜೀನ್‌ಗಳು ಎಚ್ಚರಗೊಂಡಿದ್ದವು. ಅವರು ಇದನ್ನು ಪ್ರಕಟಿಸಿದ್ದು 1962ರಲ್ಲಿ. ಆ ಜೀನ್‌ಗಳಿಂದ ಹುಟ್ಟುವ ಪ್ರೋಟೀನ್‌ಗಳನ್ನು ಬೇರೆ ವಿಜ್ಞಾನಿಗಳು ಗುರುತಿಸಿದ್ದು 1974ರಲ್ಲಿ. ಆಮೇಲೆ ಹುಡುಕಿದ ಕಡೆಯಲ್ಲೆಲ್ಲ ಇವು ಸಿಕ್ಕವು: ಬ್ಯಾಕ್ಟೀರಿಯಾದಲ್ಲಿ, ಯೀಸ್ಟ್‌ನಲ್ಲಿ, ಗಿಡದಲ್ಲಿ, ನಮ್ಮಲ್ಲಿ. ನಮ್ಮ ಕರುಳಿನಲ್ಲಿರುವ ಒಂದು ಸಾಮಾನ್ಯ ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ 70ನ್ನೂ ಮನುಷ್ಯನ ಎಚ್‌ಎಸ್‌ಪಿ 70ನ್ನೂ ಪಕ್ಕಪಕ್ಕದಲ್ಲಿಟ್ಟರೆ ಸುಮಾರು ಅರ್ಧದಷ್ಟು ಒಂದೇ ಆಗಿರುತ್ತದೆ.

ನಕಲು ಪುಸ್ತಕದ ತಪ್ಪುಗಳು

ಈಗ ನೆಂಟಸ್ತನದ ಲೆಕ್ಕಕ್ಕೆ ಬರೋಣ. ಪ್ರೋಟೀನ್ ಸರದ ಮಣಿಗಳಿಗೆ ಅಮೈನೋ ಆಮ್ಲ ಎಂದು ಹೆಸರು. ಅವು ಮುಖ್ಯವಾಗಿ 20 ಬಗೆ. 20 ಅಕ್ಷರಗಳ ವರ್ಣಮಾಲೆ ಎಂದುಕೊಳ್ಳಿ. ಯಾವ ಅಕ್ಷರದ ನಂತರ ಯಾವುದು ಎಂಬುದನ್ನು ಡಿಎನ್‌ಎ ತಿಳಿಸುತ್ತದೆ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಡಿಎನ್‌ಎ ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ಬದಲಾಗುತ್ತದೆ. ಆ ಬದಲಾವಣೆಯಿಂದ ಪ್ರಾಣಕ್ಕೆ ತೊಂದರೆಯಾಗದಿದ್ದರೆ ಅದು ಮುಂದಿನ ಪೀಳಿಗೆಗೂ ಹೋಗುತ್ತದೆ.

ಇದು ಲೆಕ್ಕಶಾಸ್ತ್ರದವರಿಗೆ ಗೊತ್ತಿರುವ ವಿಷಯವೇ. ಮೂರು ಜನ ಗುಮಾಸ್ತರು ಒಂದೇ ಖಾತೆಯನ್ನು ನಕಲು ಮಾಡಿದ್ದಾರೆ ಎಂದುಕೊಳ್ಳಿ. ಇಬ್ಬರ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ 540ರ ಬದಲು 450 ಇದೆ, ಮೂರನೆಯವರದರಲ್ಲಿ ಸರಿಯಾಗಿದೆ. ಆಡಿಟರ್ ತಕ್ಷಣ ಊಹಿಸುತ್ತಾರೆ: ಆ ಇಬ್ಬರು ಒಂದೇ ತಪ್ಪು ನಕಲನ್ನು ನೋಡಿ ಬರೆದಿದ್ದಾರೆ. ಒಂದು ತಪ್ಪು ಕಾಕತಾಳೀಯ ಇರಬಹುದು. ಹತ್ತು ತಪ್ಪುಗಳು ಅದೇ ಜಾಗದಲ್ಲಿ ಇದ್ದರೆ ಅನುಮಾನವೇ ಬೇಡ. ಗಿಡಗಳಲ್ಲೂ ಹೀಗೆಯೇ. ಒಂದೇ ಪ್ರೋಟೀನಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಬದಲಾವಣೆ ಹಂಚಿಕೊಂಡಿರುವ ಗಿಡಗಳಿಗೆ ಹತ್ತಿರದ ಪೂರ್ವಜ ಒಂದೇ. ಹೀಗೆ ಜೋಡಿಸುತ್ತಾ ಹೋದರೆ ಒಂದು ವಂಶವೃಕ್ಷ ಸಿಗುತ್ತದೆ.

ಯಾವ ಪದವನ್ನು ಹೋಲಿಸಬೇಕು?

ಸಾವಿರಾರು ಪ್ರೋಟೀನ್‌ಗಳಿರುವಾಗ ಉಷ್ಣಾಘಾತ ಪ್ರೋಟೀನನ್ನೇ ಏಕೆ ಆರಿಸಬೇಕು? ಇದಕ್ಕೆ ಭಾಷೆಯ ಉದಾಹರಣೆ ಕೊಡುತ್ತೇನೆ. ನಮ್ಮ ಮನೆಮಾತು ಉರ್ದು. ಕಾಲೇಜಿನ ಭಾಷೆ ಕನ್ನಡ. ಅರ್ಜಿ, ಜಮೀನು, ರಸೀದಿ, ವಸೂಲಿ, ಖಜಾನೆ, ಜಮಾ, ಬಾಕಿ: ಈ ಪದಗಳು ಎರಡರಲ್ಲೂ ಇವೆ. ಇವನ್ನಷ್ಟೇ ನೋಡಿದವರು ಕನ್ನಡ ಮತ್ತು ಉರ್ದು ಅಕ್ಕತಂಗಿಯರು ಎಂದುಬಿಡಬಹುದು. ಆದರೆ ಇವು ಅರಬಿ, ಪಾರಸಿ ಮೂಲದ ಪದಗಳು. ಕಚೇರಿ ಮತ್ತು ವ್ಯಾಪಾರದ ದಾರಿಯಲ್ಲಿ ಬಂದವು.

ಅಂಕಿಗಳನ್ನು ಹೋಲಿಸಿ ನೋಡಿ. ಉರ್ದುವಿನ ಏಕ್, ದೋ, ತೀನ್, ಚಾರ್ ಮರಾಠಿಯ ಏಕ್, ದೋನ್, ತೀನ್, ಚಾರ್ ಜೊತೆ ಹೊಂದುತ್ತವೆ. ಕನ್ನಡದ ಎರಡು, ಮೂರು, ನಾಲ್ಕು ತೆಲುಗಿನ ರೆಂಡು, ಮೂಡು, ನಾಲುಗು ಜೊತೆ ಹೊಂದುತ್ತವೆ. ಅಂಕಿಗಳು ಎಲ್ಲ ಭಾಷೆಯಲ್ಲೂ ಇರುತ್ತವೆ, ದಿನವೂ ಬಳಕೆಯಾಗುತ್ತವೆ, ಬೇಗ ಬದಲಾಗುವುದಿಲ್ಲ. ಅದಕ್ಕೇ ನೆಂಟಸ್ತನ ತಿಳಿಯಲು ಅವು ಒಳ್ಳೆಯ ಸಾಕ್ಷಿ.

ಉಷ್ಣಾಘಾತ ಪ್ರೋಟೀನ್‌ಗಳು ಜೀವಿಗಳ ಅಂಕಿಪದಗಳಿದ್ದಂತೆ. ಎಲ್ಲರಲ್ಲೂ ಇವೆ, ಆದ್ದರಿಂದ ಹೋಲಿಸಬಹುದು. ಎಚ್‌ಎಸ್‌ಪಿ 70 ಬಹಳ ನಿಧಾನವಾಗಿ ಬದಲಾಗುತ್ತದೆ. ಅದು ಗಡಿಯಾರದ ಗಂಟೆ ಮುಳ್ಳು. ದೂರದ ಸಂಬಂಧ ತಿಳಿಯಲು ಸಾಕು, ಆದರೆ ರಾಗಿಯ ಎರಡು ತಳಿಗಳ ನಡುವಿನ ವ್ಯತ್ಯಾಸ ತೋರಿಸುವುದು ಅದಕ್ಕೆ ಕಷ್ಟ. ಚಿಕ್ಕ ಎಚ್‌ಎಸ್‌ಪಿಗಳು ಇನ್ನೂ ಬೇಗ ಬದಲಾಗುತ್ತವೆ. ಅವು ನಿಮಿಷದ ಮುಳ್ಳು.

ಲ್ಯಾಬಿನಲ್ಲಿ ಮಾಡುವ ಎರಡು ವಿಧಾನ

ಮೊದಲನೆಯದು ಹಳೆಯ, ಕಡಿಮೆ ಖರ್ಚಿನ ವಿಧಾನ. ಬೇರೆ ಬೇರೆ ಬೆಳೆಗಳ ಸಸಿಗಳನ್ನು ಕೆಲವು ಗಂಟೆ ಬಿಸಿಯಲ್ಲಿಟ್ಟು, ಅರೆದು, ಪ್ರೋಟೀನ್ ತೆಗೆಯುತ್ತಾರೆ. ಅದನ್ನು ತೆಳುವಾದ ಜೆಲ್ಲಿಯಂತಹ ಹಾಳೆಯಲ್ಲಿ ಹಾಕಿ ವಿದ್ಯುತ್ ಹರಿಸುತ್ತಾರೆ. ಹಗುರ ಪ್ರೋಟೀನ್ ಮುಂದೆ ಓಡುತ್ತದೆ, ಭಾರದ್ದು ಹಿಂದೆ ಉಳಿಯುತ್ತದೆ. ಬಣ್ಣ ಹಾಕಿದರೆ ಗೆರೆಗಳು ಕಾಣುತ್ತವೆ. ಎರಡು ಬೆಳೆಗಳಲ್ಲಿ ಎಷ್ಟು ಗೆರೆ ಸಮಾನ ಎಂದು ಎಣಿಸುತ್ತಾರೆ.

ಸಂಖ್ಯಾಶಾಸ್ತ್ರದವರಿಗೆ ಇಲ್ಲಿ ಒಂದು ಸುಲಭ ಲೆಕ್ಕ ಇದೆ. ಉದಾಹರಣೆಗೆ, ಒಂದು ಬೆಳೆಯಲ್ಲಿ 8 ಗೆರೆ, ಇನ್ನೊಂದರಲ್ಲಿ 9, ಸಮಾನವಾದವು 6 ಎಂದುಕೊಳ್ಳೋಣ. ಒಟ್ಟು ಬೇರೆ ಬೇರೆ ಗೆರೆಗಳು 8 + 9 − 6 = 11. ಸಾಮ್ಯ 6 ÷ 11, ಅಂದರೆ ಸುಮಾರು 0.55. ಎಲ್ಲ ಜೋಡಿಗಳಿಗೂ ಹೀಗೆ ಲೆಕ್ಕ ಹಾಕಿ, ಹೆಚ್ಚು ಸಾಮ್ಯ ಇರುವವರನ್ನು ಮೊದಲು ಕಟ್ಟುತ್ತಾ ಹೋದರೆ ಮರದ ಚಿತ್ರ ಬರುತ್ತದೆ.

ಈ ವಿಧಾನಕ್ಕೆ ಒಂದು ದೌರ್ಬಲ್ಯ ಇದೆ. ಒಂದೇ ಜಾಗದಲ್ಲಿ ಗೆರೆ ಬಂದರೆ ತೂಕ ಒಂದೇ ಎಂದಷ್ಟೇ ಅರ್ಥ. 50 ಕೆಜಿಯ ಎರಡು ಚೀಲ ಇದ್ದರೆ ಒಂದರಲ್ಲಿ ಈರುಳ್ಳಿ, ಇನ್ನೊಂದರಲ್ಲಿ ಸಿಮೆಂಟ್ ಇರಬಹುದು. ಆದ್ದರಿಂದ ಈಗ ಎರಡನೆಯ ವಿಧಾನವನ್ನೇ ಹೆಚ್ಚು ನಂಬುತ್ತಾರೆ. ಅದು ಚೀಲ ಬಿಚ್ಚಿ ನೋಡುವುದು, ಅಂದರೆ ಪ್ರೋಟೀನಿನ ಅಥವಾ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದಿ ಹೋಲಿಸುವುದು.

ನಗದು ಪುಸ್ತಕ, ಉದ್ರಿ ಪುಸ್ತಕ

ಅಕ್ಷರ ಓದಿದರೂ ಒಂದು ಜಾಗದಲ್ಲಿ ಎಡವುವ ಸಾಧ್ಯತೆ ಇದೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು.

ಒಬ್ಬ ದಾದಾ ಅಂಗಡಿ ಇಟ್ಟಿದ್ದರು. ಎರಡು ಪುಸ್ತಕ ಬರೆಯುತ್ತಿದ್ದರು: ನಗದು ಪುಸ್ತಕ ಮತ್ತು ಉದ್ರಿ ಪುಸ್ತಕ. ಮುಂದೆ ಮಕ್ಕಳು ಬೇರೆಯಾದರು. ಒಬ್ಬರು ಕಡೂರಿನಲ್ಲಿ, ಒಬ್ಬರು ತರೀಕೆರೆಯಲ್ಲಿ ಅಂಗಡಿ ಹಾಕಿದರು. ಇಬ್ಬರೂ ಎರಡೆರಡು ಪುಸ್ತಕಗಳ ಪದ್ಧತಿಯನ್ನೇ ಮುಂದುವರಿಸಿದರು. ಈಗ ಕಡೂರಿನ ನಗದು ಪುಸ್ತಕ ಯಾವುದಕ್ಕೆ ಹೆಚ್ಚು ಹೋಲುತ್ತದೆ? ಅದೇ ಅಂಗಡಿಯ ಉದ್ರಿ ಪುಸ್ತಕಕ್ಕಲ್ಲ, ತರೀಕೆರೆಯ ನಗದು ಪುಸ್ತಕಕ್ಕೆ.

ಗಿಡಗಳ ಚಿಕ್ಕ ಎಚ್‌ಎಸ್‌ಪಿಗಳಲ್ಲಿ ಹೀಗೆಯೇ ಆಗಿದೆ. ಅವುಗಳಲ್ಲಿ ಒಂದನೇ ವರ್ಗ, ಎರಡನೇ ವರ್ಗ ಎಂದು ಗುಂಪುಗಳಿವೆ. ಎಲೆಯ ಹಸಿರು ಭಾಗವಾದ ಪತ್ರಹರಿತ್ತಿನ ಕಣಕ್ಕೆ ಬೇರೆಯೇ ಇದೆ. ಅಮೆರಿಕದ ಎಲಿಜಬೆತ್ ವಾಟರ್ಸ್ 1995ರಲ್ಲಿ ಇವುಗಳ ವಂಶವೃಕ್ಷವನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಏಕದಳ ಮತ್ತು ದ್ವಿದಳ ಗಿಡಗಳು ಬೇರೆಯಾಗುವ ಮೊದಲೇ ಈ ಗುಂಪುಗಳು ಬೇರೆಯಾಗಿದ್ದವು ಎಂಬುದು ಅದರಿಂದ ತಿಳಿಯಿತು. ಆದ್ದರಿಂದ ಗೋಧಿಯ ಒಂದನೇ ವರ್ಗದ ಪ್ರೋಟೀನ್, ಗೋಧಿಯದೇ ಎರಡನೇ ವರ್ಗಕ್ಕಿಂತ ಬಟಾಣಿಯ ಒಂದನೇ ವರ್ಗಕ್ಕೆ ಹೆಚ್ಚು ಹತ್ತಿರ! ನಗದು ಪುಸ್ತಕವನ್ನು ಉದ್ರಿ ಪುಸ್ತಕದ ಜೊತೆ ಹೋಲಿಸಿ ಬೆಳೆಗಳ ಸಂಬಂಧ ಹೇಳಿದರೆ ತಪ್ಪಾಗುತ್ತದೆ. ನಗದಿಗೆ ನಗದು, ಉದ್ರಿಗೆ ಉದ್ರಿ.

ನಮ್ಮ ಮೂರು ತಾಲ್ಲೂಕುಗಳ ವಂಶವೃಕ್ಷ

ಸರಿಯಾಗಿ ಹೋಲಿಸಿದಾಗ, ಇತರ ಅನೇಕ ಜೀನ್‌ಗಳ ಸಾಕ್ಷಿಯನ್ನೂ ಸೇರಿಸಿದಾಗ, ನಮ್ಮ ಬೆಳೆಗಳ ಸಂಬಂಧ ಹೀಗಿದೆ.

ಏಕದಳ ಮನೆಯಲ್ಲಿ ರಾಗಿ, ಜೋಳ, ಮೆಕ್ಕೆಜೋಳ, ನವಣೆ, ಸಾಮೆ, ಭತ್ತ, ಗೋಧಿ ಎಲ್ಲವೂ ಹುಲ್ಲಿನ ಕುಟುಂಬದವು. ಅದರೊಳಗೆ ಜೋಳ ಮತ್ತು ಮೆಕ್ಕೆಜೋಳ ಬಹಳ ಹತ್ತಿರ. ನವಣೆ ಮತ್ತು ಸಾಮೆ ಹತ್ತಿರ. ರಾಗಿ ಬೇರೆ ಕವಲು, ಆದರೂ ಅದು ಭತ್ತಕ್ಕಿಂತ ಜೋಳ, ನವಣೆಗಳಿಗೇ ಹತ್ತಿರ. ಭತ್ತ ಮತ್ತು ಗೋಧಿ ಇನ್ನೊಂದು ಕಡೆ. ಅಡಿಕೆ ಮತ್ತು ತೆಂಗು ತಾಳೆ ಕುಟುಂಬದ ಒಡಹುಟ್ಟಿದವರು, ಅವೂ ಏಕದಳವೇ. ಈರುಳ್ಳಿ, ಬೆಳ್ಳುಳ್ಳಿ ಕೂಡ ಇದೇ ಮನೆಯವು.

ದ್ವಿದಳ ಮನೆಯಲ್ಲಿ ಹುರುಳಿ, ಅವರೆ, ತೊಗರಿ, ಕಡಲೆ, ಶೇಂಗಾ ಒಂದು ಕುಟುಂಬ. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಇನ್ನೊಂದು. ಹತ್ತಿ ಮತ್ತು ಬೆಂಡೆ ಮತ್ತೊಂದು. ಅವುಗಳ ಹೂವು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಈ ಎರಡು ಮನೆಗಳು ಬೇರೆಯಾಗಿ ಹತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲವಾಗಿದೆ. ಅದಕ್ಕೇ ಮಂಡಿಯಲ್ಲಿ ಅಕ್ಕಪಕ್ಕ ಇದ್ದರೂ ಈರುಳ್ಳಿ ಮತ್ತು ಆಲೂಗಡ್ಡೆ ದೂರದವು.

ಬಿಸಿಲು ತಡೆಯುವುದೇ ಬೇರೆ, ನೆಂಟಸ್ತನವೇ ಬೇರೆ

ಇಲ್ಲಿ ಒಂದು ಎಚ್ಚರಿಕೆ ಮುಖ್ಯ. ಬಿಸಿಲನ್ನು ಒಂದೇ ರೀತಿ ತಡೆಯುವ ಬೆಳೆಗಳೆಲ್ಲ ನೆಂಟರಲ್ಲ. ಕಡೂರು ಕಡೆಯ ಒಣಹೊಲದಲ್ಲಿ ರಾಗಿ ಮತ್ತು ಹುರುಳಿ ಎರಡೂ ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಒಂದು ಏಕದಳ, ಒಂದು ದ್ವಿದಳ. ಕಷ್ಟದಲ್ಲಿ ಬದುಕುವ ದಾರಿಯನ್ನು ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಕಲಿತವರು.

ಇದಕ್ಕೆ ವಿರುದ್ಧವೂ ಇದೆ. ಅಡಿಕೆ ಮತ್ತು ತೆಂಗು ಒಂದೇ ಕುಟುಂಬ. ತೆಂಗು ಬಯಲಿನಲ್ಲಿ ಬಿಸಿಲಿಗೆ ಎದೆಯೊಡ್ಡಿ ನಿಲ್ಲುತ್ತದೆ. ಅಡಿಕೆಯ ಕಾಂಡಕ್ಕೆ ಸಂಜೆಯ ಬಿಸಿಲು ಬಿದ್ದರೆ ಸುಟ್ಟು ಸೀಳುತ್ತದೆ. ಅದಕ್ಕೇ ತೋಟದವರು ಕಾಂಡಕ್ಕೆ ಸುಣ್ಣ ಬಳಿಯುತ್ತಾರೆ, ಸೋಗೆ ಕಟ್ಟುತ್ತಾರೆ. ನೆಂಟಸ್ತನ ಇದ್ದರೂ ತಾಳಿಕೆ ಒಂದೇ ಅಲ್ಲ.

ಕಾರಣ ಸರಳ. ಎಲ್ಲ ಗಿಡಕ್ಕೂ ಉಷ್ಣಾಘಾತ ಪ್ರೋಟೀನ್ ಇದೆ. ವ್ಯತ್ಯಾಸ ಬರುವುದು ಯಾವಾಗ, ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ, ಗಿಡದ ಯಾವ ಭಾಗದಲ್ಲಿ ತಯಾರಾಗುತ್ತದೆ ಎಂಬುದರಲ್ಲಿ. ಬೇರಿನ ಆಳ, ಎಲೆಯ ಮೇಣ, ನೀರಿನ ಬಳಕೆ ಇವೂ ಸೇರುತ್ತವೆ. ಒಂದೇ ಗಿಡದೊಳಗೂ ವ್ಯತ್ಯಾಸ ಇದೆ. ಹಲವು ಬೆಳೆಗಳಲ್ಲಿ ಎಲೆ ತಡೆದಷ್ಟು ಬಿಸಿಯನ್ನು ಹೂವಿನ ಪರಾಗ ತಡೆಯುವುದಿಲ್ಲ. ಭತ್ತ ಹೂಬಿಡುವ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿ ದಾಟಿದರೆ ಕಾಳು ಜೊಳ್ಳಾಗುವುದು ಹೆಚ್ಚುತ್ತದೆ. ಗದ್ದೆ ಹಸಿರಾಗಿಯೇ ಕಾಣುತ್ತದೆ, ಒಕ್ಕಿದಾಗ ಮಾತ್ರ ನಷ್ಟ ಗೊತ್ತಾಗುತ್ತದೆ.

ಹಾಗಾದರೆ ನೆಂಟಸ್ತನ ತಿಳಿದು ಏನು ಪ್ರಯೋಜನ?

ಪ್ರಯೋಜನ ಇದೆ. ಸಾಲ ಬೇಕಾದರೆ ಮೊದಲು ನೆಂಟರ ಮನೆಗೆ ಹೋಗುತ್ತೇವೆ. ಒಳ್ಳೆಯ ಗುಣ ಬೇಕಾದರೆ ಬೆಳೆಯೂ ನೆಂಟರ ಮನೆಗೇ ಹೋಗಬೇಕು. ಏಕೆಂದರೆ ಸಹಜವಾದ ಸಂಕರ ಹತ್ತಿರದವರ ನಡುವೆ ಮಾತ್ರ ಆಗುತ್ತದೆ. ರಾಗಿಯನ್ನು ಹುರುಳಿಯ ಜೊತೆ ಸಂಕರ ಮಾಡಲು ಸಾಧ್ಯವಿಲ್ಲ.

ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. ರಾಗಿಯ ತವರು ಪೂರ್ವ ಆಫ್ರಿಕಾ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸ ಮಾಡಿದ ಸಿ.ಎಚ್. ಲಕ್ಷ್ಮಣಯ್ಯ ಅವರು ಭಾರತದ ರಾಗಿ ಮತ್ತು ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕಾ ಸೇರಿ ಇಂಡಾಫ್. ರಾಗಿಯ ಹೂವು ಬಹಳ ಚಿಕ್ಕದು, ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಅದರಲ್ಲಿ ಸಂಕರ ಮಾಡುವುದು ತಾಳ್ಮೆಯ ಕೆಲಸ. ದೂರದ ದೇಶದಲ್ಲಿದ್ದರೂ ಅದು ರಕ್ತಸಂಬಂಧಿ ಆದ್ದರಿಂದ ಕೆಲಸ ನಡೆಯಿತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಅಂದರೆ ಜಿಕೆವಿಕೆಯಲ್ಲಿ, ಬೆಳೆ ಶರೀರಕ್ರಿಯಾ ವಿಭಾಗದ ಎಂ. ಉದಯಕುಮಾರ್ ಮತ್ತು ಸಂಗಡಿಗರು ಬಿಸಿ ತಡೆಯುವ ಸಸಿಗಳನ್ನು ಆರಿಸುವ ಒಂದು ವಿಧಾನ ರೂಪಿಸಿದರು. ಮೊಳಕೆಗಳಿಗೆ ಮೊದಲು ಸ್ವಲ್ಪ ಸ್ವಲ್ಪವಾಗಿ ಬಿಸಿ ಏರಿಸುತ್ತಾರೆ. ಆಗ ಉಷ್ಣಾಘಾತ ಪ್ರೋಟೀನ್ ತಯಾರಾಗುತ್ತದೆ. ಆಮೇಲೆ ಸಾಯುವಷ್ಟು ಬಿಸಿ ಕೊಡುತ್ತಾರೆ. ಅದರಿಂದ ಚೇತರಿಸಿಕೊಂಡವನ್ನು ಆರಿಸಿಕೊಳ್ಳುತ್ತಾರೆ. ಒಮ್ಮೆಲೇ ಬಿಸಿಗೆ ಹಾಕಿದರೆ ಎಲ್ಲವೂ ಒಂದೇ ರೀತಿ ಸಾಯುತ್ತವೆ, ಯಾರು ಗಟ್ಟಿ ಎಂದು ತಿಳಿಯುವುದಿಲ್ಲ. ತಯಾರಿಗೆ ಸಮಯ ಕೊಟ್ಟಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಹೊಲದಲ್ಲೂ ಬಿಸಿಲು ಬೆಳಿಗ್ಗೆಯಿಂದ ನಿಧಾನವಾಗಿ ಏರುತ್ತದೆ ಅಲ್ಲವೇ? ಸೂರ್ಯಕಾಂತಿಯಲ್ಲಿ ಈ ವಿಧಾನದಿಂದ ಆಯ್ಕೆ ಮಾಡಿದ್ದಾರೆ.

ಅದೇ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ಎಂಎಲ್ 365 ಎಂಬ ರಾಗಿ ತಳಿಯ ಜೀನ್‌ಗಳ ಪೂರ್ಣ ಓದನ್ನು ಪ್ರಕಟಿಸಿತು. ಅದರಲ್ಲಿ ಅಂದಾಜು 85,243 ಜೀನ್‌ಗಳನ್ನು ಗುರುತಿಸಿದ್ದಾರೆ. ಇಷ್ಟೊಂದು ಏಕೆಂದರೆ ರಾಗಿ ಎರಡು ಹುಲ್ಲುಗಳು ಕೂಡಿ ಆದ ಗಿಡ. ಒಂದೇ ಅಂಗಡಿಯಲ್ಲಿ ಎರಡು ಮನೆತನದ ಪುಸ್ತಕಗಳಿವೆ. ಇನ್ನು ಮುಂದೆ ರಾಗಿಯ ಪುಸ್ತಕಗಳನ್ನು ಜೋಳ, ನವಣೆ, ಭತ್ತದ ಪುಸ್ತಕಗಳ ಜೊತೆ ಸಾಲು ಸಾಲಾಗಿ ತಾಳೆ ನೋಡಬಹುದು.

ನಾವು ಕೇಳಬಹುದಾದ ಮೂರು ಪ್ರಶ್ನೆ

ಬೀಜದ ಪ್ಯಾಕೆಟ್ ಮೇಲೋ ಪೇಪರಿನಲ್ಲೋ "ಬಿಸಿಲು ತಡೆಯುವ ತಳಿ" ಎಂದು ಓದಿದಾಗ ಮೂರು ಪ್ರಶ್ನೆ ಕೇಳಿ. ಒಂದು, ಈ ಗುಣ ಯಾವ ಬೆಳೆಯಿಂದ ಅಥವಾ ಯಾವ ತಳಿಯಿಂದ ಬಂತು? ಎರಡು, ಪರೀಕ್ಷೆ ಮಾಡಿದ್ದು ಸಸಿಯ ಮೇಲೋ, ಹೂಬಿಟ್ಟ ಗಿಡದ ಮೇಲೋ? ಮೂರು, ಬಿಸಿ ನಿಧಾನವಾಗಿ ಏರಿತ್ತೋ, ಒಮ್ಮೆಲೇ ಏರಿತ್ತೋ? ರೈತ ಸಂಪರ್ಕ ಕೇಂದ್ರದಲ್ಲಿ ಇವನ್ನು ಕೇಳಲು ಜೀವಶಾಸ್ತ್ರದ ಪದವಿ ಬೇಕಿಲ್ಲ. ಕೇಳದೆ ಕೊಂಡ ಬೀಜದ ನಷ್ಟ ಕೊನೆಗೆ ಬಾಕಿ ಕಡೆಯ ಪುಟಕ್ಕೇ ಬರುತ್ತದೆ.

ನೆಂಟಸ್ತನವನ್ನು ಕಣ್ಣಾರೆ ನೋಡಬೇಕೆಂದರೆ ಲ್ಯಾಬ್ ಕೂಡ ಬೇಡ. ಒದ್ದೆ ಹತ್ತಿಯ ಮೇಲೆ ರಾಗಿ, ಜೋಳ, ಈರುಳ್ಳಿ, ಹುರುಳಿ, ಮೆಣಸಿನಕಾಯಿ, ಟೊಮೆಟೊ ಬೀಜಗಳನ್ನು ಬೇರೆ ಬೇರೆ ಇಟ್ಟು ದಿನಾ ನೀರು ಚಿಮುಕಿಸಿ. ಹುರುಳಿ, ಮೆಣಸಿನಕಾಯಿ, ಟೊಮೆಟೊ ಎರಡೆರಡು ಎಲೆಯೊಂದಿಗೆ ಏಳುತ್ತವೆ. ಮೆಣಸಿನಕಾಯಿ ಯಾವುದು, ಟೊಮೆಟೊ ಯಾವುದು ಎಂದು ಮೊದಲ ದಿನಗಳಲ್ಲಿ ಹೇಳುವುದೇ ಕಷ್ಟ. ರಾಗಿ ಮತ್ತು ಜೋಳ ಒಂದೊಂದೇ ಎಲೆಯೊಂದಿಗೆ ಬರುತ್ತವೆ. ಈರುಳ್ಳಿ ಕೊಕ್ಕೆಯಂತೆ ಬಾಗಿದ ಒಂದೇ ಎಳೆಯಾಗಿ ಬರುತ್ತದೆ. ವಿಜ್ಞಾನ ವಿಭಾಗದ ಗೆಳತಿಯರೊಂದಿಗೆ ಕಾಮರ್ಸ್ ವಿಭಾಗದವರೂ ಸೇರಿ ಇದನ್ನು ಕಾಲೇಜಿನಲ್ಲೇ ಮಾಡಬಹುದು. ಎಷ್ಟು ದಿನಕ್ಕೆ ಯಾವುದು ಮೊಳೆಯಿತು ಎಂಬ ಲೆಕ್ಕ ಬರೆಯುವ ಕೆಲಸ ನಮಗಿರಲಿ.